ಹಿಮ್ಮೇಳ ಕತ್ತರಿಸಿದವನು

ಉದಗೀರದ ಕೈಲಾಸ ತನ್ನ ಸ್ಟುಡಿಯೊದಲ್ಲಿ ಮದುವೆಯ ವಿಡಿಯೊ ಜೋಡಿಸುತ್ತ ಮದುಮಕ್ಕಳನ್ನು ತಾಜಮಹಲಿನ ಮುಂದೆ ತೇಲಿಬಿಡುತ್ತಿದ್ದ. ಅತ್ತೆಯಂದಿರ ತಲೆಯ ಮೇಲೆ ಹಂಸ ಹಾರಿಸುತ್ತಿದ್ದ. ಇಂಥವನ ಕೈಗೆ ದೇವರು ಬೀರಪ್ಪನ ಹಾಡು ಕೊಟ್ಟೆನಲ್ಲ ಎಂದು ಬಂಡಮ್ಮ ಆಮೇಲೆ ತನ್ನನ್ನೂ ಬೈದುಕೊಂಡಳು.

ಅವಳ ಗಂಡ ಬೀರಣ್ಣ ತೀರಿಕೊಂಡ ಮೇಲೆ ಅವನ ದನಿ ಉಳಿದದ್ದು ಒಂದೇ ಕಡೆ. ಅವನು ಹಾಡುತ್ತಿದ್ದ ಊರಿನ ಡೊಳ್ಳಿನ ಮೇಳವನ್ನು ಕೇಬಲ್ ಟಿವಿಯವರು ತೋರಿಸಿದಾಗ ಮಗಳು ಜಗದೇವಿ ಅದನ್ನು ಪೆನ್ ಡ್ರೈವಿಗೆ ಹಿಡಿದಿಟ್ಟಿದ್ದಳು. ದೇವಣಿ ಕಡೆಯ ಅವರ ಮನೆಯಲ್ಲಿ ಇದ್ದದ್ದು ಹಳೆಯ ಡಿಸ್ಕ್ ಪ್ಲೇಯರು. ಬಂಡಮ್ಮನಿಗೆ ಒತ್ತಲು ಬರುತ್ತಿದ್ದದ್ದೂ ಅದರ ಗುಂಡಿಯೊಂದೇ. ಅದಕ್ಕೇ ಪೆನ್ ಡ್ರೈವಿನದನ್ನು ಡಿಸ್ಕಿಗೆ ಹಾಕಿಸಲು ಕೈಲಾಸನ ಹತ್ತಿರ ಒಯ್ದಿದ್ದರು.

“ಒಂದು ಡಿಸ್ಕಿನಾಗ ಹಿಡಸಂಗಿಲ್ಲ ಮಾವಶಿ, ಭಾಳ ದೊಡ್ಡದದ,” ಎಂದಿದ್ದ ಕೈಲಾಸ. “ಒತ್ತಿ ಸಣ್ಣದು ಮಾಡಬೇಕು. ಒತ್ತಿದರ ಚಿತ್ರ ಮಸುಕಾಗತದ.”

“ಆಗಲಿ ತಮ್ಮಾ. ಮಾರಿ ನಾ ಕಂಡದ್ದೇ. ದನಿ ಹೋಗಬಾರದು.”

“ದನಿ ಎಲ್ಲಿ ಹೋಗತದ? ನನ್ನ ಕಡಿ ಬಿಡ್ರಿ.”

ಅವನ ಕಡೆ ಬಿಟ್ಟದ್ದೇ ತಪ್ಪಾಯಿತು. ಮನೆಯಲ್ಲಿ ಡಿಸ್ಕು ಹಚ್ಚಿದಾಗ ಚಿತ್ರವೇನೋ ಮೇಳದ ಮುಂದೆ ನಿಂತು ಹಾಡುವ ಮಲ್ಲಣ್ಣನ ಮೀಸೆಯ ಕೂದಲು ಎಣಿಸುವಷ್ಟು ಚೊಕ್ಕಟವಾಗಿತ್ತು. ಮಲ್ಲಣ್ಣ ಒಂದು ಸಾಲು ಹಾಡಿದ. ಬಂಡಮ್ಮ ಕಿವಿಗೊಟ್ಟಳು. ಮುಂದಿನ ಸಾಲನ್ನೂ ಮಲ್ಲಣ್ಣನೇ ಹಾಡಿದ, ಅದರ ಮುಂದಿನದನ್ನೂ.

ಮೇಳದಲ್ಲಿ ಮುಂದಿನವನು ಹಾಡಿದ ಸಾಲನ್ನು ಹಿಂದಿನವನು ಎತ್ತಿಕೊಂಡು ಮರಳಿ ಹಾಡುತ್ತಾನೆ. ಒಬ್ಬನೇ ಹೇಳಿದರೆ ಅದು ಬರಿಯ ಮಾತು. ಇನ್ನೊಬ್ಬ ಕೇಳಿಸಿಕೊಂಡು ಹೇಳಿದ ಮೇಲೆಯೇ ಅದು ಬೀರಪ್ಪನಿಗೆ ಮುಟ್ಟುವ ನುಡಿ. ಬೀರಣ್ಣ ಜೀವಮಾನವಿಡೀ ಹಿಂದೆ ನಿಂತು ಹಾಡಿದವನು.

ಅವ್ವ ಮಗಳು ಮರುದಿನವೇ ಉದಗೀರದ ಬಸ್ಸು ಹಿಡಿದರು.

“ನಮ್ಮ ಮನ್ಯಾವರು ಎಲ್ಲಿ?” ಎಂದಳು ಬಂಡಮ್ಮ.

“ಒಂದೊಂದು ಸಾಲು ಎರಡೆರಡು ಸಲ ಇತ್ತು ಮಾವಶಿ. ಎರಡೂ ಒಂದೇ. ಹಿಂದಿಂದು ತೆಗದುಬಿಟ್ಟೆ. ಅರ್ಧಾ ಹಗುರಾಯ್ತು, ಚಿತ್ರಾನೂ ಸಾಫ್ ಉಳೀತು.” ಕೈಲಾಸ ಹಣೆ ಬಡಿದು ತೋರಿಸಿದ. “ಡೋಕಾ ಬೇಕು ಅದಕ್ಕ.”

“ನಿಮ್ಮ ಲಗ್ನದಾಗೂ ಇದೇ ಡೋಕಾ ಓಡಿಸಿದ್ರೇನ್ರೀ?” ಎಂದಳು ಜಗದೇವಿ. “ಅಯ್ಯನವರು ಹೇಳಿದ ಮಂತ್ರ ನಾ ಮತ್ತ ಯಾಕ ಹೇಳಲಿ ಅಂತ ಸುಮ್ಮ ಕುಂತಿದ್ರೇನು? ಪೆನ್ ಡ್ರೈವ್ ಕೊಡ್ರಿ.”

ಕೈಲಾಸ ಕಂಪ್ಯೂಟರಿನ ಕಡೆ ಹೊರಳಿದ. “ಅದನ್ನ ಅಳಿಸೀನಿ. ಅದರಾಗ ನಿಲಂಗಾದವರ ಲಗ್ನದ ವಿಡಿಯೊ ತುಂಬಿ ಕೊಡೋದಿತ್ತು.”

ಬಂಡಮ್ಮ ಸ್ಟೂಲಿನ ಮೇಲೆ ಕುಳಿತಳು.

“ತೆಗದದ್ದು ಎಲ್ಲಿ ಒಗದಿ?”

“ಕಂಪ್ಯೂಟರಿನ ಕಚರಾದಾಗ ಇರಬೇಕು. ಇನ್ನಾ ಖಾಲಿ ಮಾಡಿಲ್ಲ. ಆದರ ಅವೆಲ್ಲಾ ತುಕಡಿ, ಮತ್ತ ಜೋಡಿಸಾಕ ಆಗಂಗಿಲ್ಲ ಮಾವಶಿ. ಲಗ್ನದ ಕೆಲಸ ಮೈತುಂಬ ಅದ.”

ಸಂತೆಯಲ್ಲಿ ಕುರಿಯ ಹಲ್ಲು ನೋಡಿ ಬೇಡವೆಂದು ಬಿಡುವವಳ ಹಾಗೆ ಬಂಡಮ್ಮ ಅವನ ಮುಖ ನೋಡಿದಳು.

“ಜೋಡಸಬ್ಯಾಡ. ಇನ್ನೊಮ್ಮೆ ನೀ ಅದಕ್ಕ ಕೈ ಹಚ್ಚೋದೇ ಬ್ಯಾಡ. ಆ ಕಚರಾ ಇದ್ದದ್ದು ಇದ್ದಂಗ ಇನ್ನೊಂದು ಡಿಸ್ಕಿಗೆ ಹಾಕು.”

“ಬರೀ ಹಿಮ್ಮೇಳ ಕೇಳಿ ಏನು ಮಾಡತೀರಿ? ಮುಂದಿನವಂದು ಇಲ್ಲದ ಹಾಡು ಹಾಡಾಗತದೇನು?”

“ಈಗಷ್ಟ ಎರಡೂ ಒಂದೇ ಅಂದಿ.”

ಕೈಲಾಸ ತುಕಡಿಗಳನ್ನೆಲ್ಲ ಆಯ್ದು ಡಿಸ್ಕಿಗೆ ಹಾಕಿ ಮುಂದೆ ಚಾಚಿದ.

“ಹಚ್ಚು,” ಎಂದಳು ಬಂಡಮ್ಮ. “ನಿನ್ನ ಮಾತು ನಂಬಿ ಒಯ್ಯಂಗಿಲ್ಲ. ಪೂರಾ ಇಲ್ಲೇ ಕೇಳತೀನಿ.”

ಬೀರಣ್ಣನ ಒಡಕು ದನಿ ಬಂತು. ಬಂಡಮ್ಮ ಕೈಮುಗಿದು ಕಣ್ಣು ಮುಚ್ಚಿದಳು. ಒಂದು ಸಾಲು ಮುಗಿದು ಇನ್ನೊಂದಕ್ಕೆ ಹೊರಳಿತು. ಕೈಲಾಸನ ಫೋನು ರಿಂಗಣಿಸಿತು. ಅವನು ಡಿಸ್ಕಿನ ದನಿ ಇಳಿಸಲು ಕೈ ಚಾಚಿದ.

“ಕೈ ತೆಗಿ,” ಎಂದಳು ಅವಳು, ಕಣ್ಣು ತೆರೆಯದೆ.

ಹೊರಗೆ ಯಾರೋ ಗಿರಾಕಿ ಬಾಗಿಲು ತಟ್ಟಿದರು. ಜಗದೇವಿ ಎದ್ದು ಹೋಗಿ ಒಳಗಿನಿಂದ ಚಿಲಕ ಹಾಕಿದಳು.