ನಾಲ್ಕನೇ ಸಲ

ಬೀಗದ ಕೈ ಎಷ್ಟು ತಿರುಗಿಸಿದರೂ ತಿರುಗಲೊಲ್ಲದು. ಮಗಳು ಬೀಗವನ್ನು ಬಾಗಿಲಿಗೆ ಕುಟ್ಟಿದಳು. ಬೀದಿಯಲ್ಲಿ, ತೀರಿಕೊಂಡ ಅಮ್ಮನನ್ನು ಮಲಗಿಸಿದ್ದ ಗಾಡಿ ಆಗಲೇ ಹೊರಟು ನಿಂತಿತ್ತು.

"ಬಿಡೇ, ತುಕ್ಕು ಹಿಡಿದಿದೆ," ಎಂದಳು ಕನ್ನಡಕದ ಚಿಕ್ಕಮ್ಮ. "ನೀನು ಮದುವೆಯಾಗಿ ಹೋದ ಮೇಲೆ ಅವಳು ಬರೀ ಚಿಲಕ ಹಾಕ್ತಿದ್ಲು."

ಚಿಕ್ಕಮ್ಮ ಸಂಬಂಧದವಳಲ್ಲ. ಬಡವರಿಗೆ ಮನೆ ಕಟ್ಟಿಸುವ ಯೋಜನೆಗಾಗಿ ಮನೆಮನೆ ತಿರುಗಿ ವಿವರ ಬರೆಯುವ ಕೆಲಸದಲ್ಲಿ ಅಮ್ಮನ ಜೊತೆಗಾತಿ.

"ಮೇಲೆ ಹೋದ್ರೂ ಸುಮ್ನಿರಲ್ಲ ಬಿಡಿ," ಇಸ್ತ್ರಿ ಅಂಗಡಿಯಾಕೆ ಕಣ್ಣೊರೆಸಿಕೊಂಡು ನಕ್ಕಳು. "ಅಲ್ಲೂ ಬಾಗಿಲು ತಟ್ಟಿ, ಎಷ್ಟು ಜನ ಇದ್ದೀರಿ, ಮಾಡು ಸೋರುತ್ತಾ ಅಂತಾರೆ. ನಮ್ಮನೆಗೆ ಮೂರು ಸಲ ಬಂದು ಬೀಗ ನೋಡಿ ಹೋಗಿದ್ರಂತೆ. ನಾಲ್ಕನೇ ಸಲ ಭಾನುವಾರ ಬಂದ್ರು. ಅದಕ್ಕೇ ಇವತ್ತು ನಂಗೊಂದು ಸೂರಿದೆ."

"ಮೂರು ಸಲ ಬೀಗ ಇದ್ರೆ ಹೆಸರು ಬಿಡೋದಲ್ವಾ ನಿಯಮ?" ಮಗಳು ಅವಳತ್ತ ತಿರುಗಿದಳು.

*

ಅವರ ಬೀದಿಯ ಸರ್ವೆ ನಡೆದಾಗ ಮಗಳಿಗೆ ಹತ್ತು ವರ್ಷ. ಸರ್ವೆಯವರು ತಮ್ಮ ಮನೆಯದನ್ನು ತಾವೇ ಬರೆಯುವ ಹಾಗಿರಲಿಲ್ಲ, ಬೇರೆಯವರು ಬರಬೇಕು. ಎರಡು ಸಲ ಬಂದಾಗ ಅಮ್ಮ ಯಾರದೋ ಬಾಗಿಲಲ್ಲಿದ್ದಳು, ಮಗಳು ಶಾಲೆಯಲ್ಲಿ. ಮೂರನೆಯ ಸಲ ಬರುವ ದಿನ ಅಮ್ಮ ಅವಳನ್ನು ಶಾಲೆಗೆ ಕಳಿಸಲಿಲ್ಲ.

"ಬಂದವರನ್ನ ಕೂರಿಸಿ ನನ್ನ ಕರಿ. ಎರಡೇ ಬೀದಿ ಆಚೆ ಇರ್ತೀನಿ. ಎಲ್ಲಿಗೂ ಹೋಗ್ಬೇಡ, ನನ್ನ ಚಿನ್ನ."

ಹಿಂದಿನ ಬೀದಿಯಲ್ಲಿ ನಾಯಿ ಮರಿ ಹಾಕಿದೆ ಎಂದು ಗೆಳತಿ ಕೂಗಿದಳು. ಐದೇ ನಿಮಿಷ ಎಂದುಕೊಂಡು ಮಗಳು ಬೀಗ ಜಡಿದು ಓಡಿದಳು. ಮರಿಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ. ವಾಪಸು ಬಂದಾಗ ಬಿಸಿಲು ಗೋಡೆಯಿಂದ ಇಳಿದುಹೋಗಿತ್ತು.

"ಯಾರೂ ಬರ್ಲಿಲ್ಲಮ್ಮ."

"ಹೌದಾ? ಸರಿ, ಕೈಕಾಲು ತೊಳ್ಕೋ."

ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಅಮ್ಮ ಈ ಬಾಡಿಗೆ ಕೋಣೆಯಲ್ಲೇ ಮುದುಕಿಯಾದಳು. ಮಾಡು ಸೋರಿದಾಗಲೆಲ್ಲ ಪಾತ್ರೆ ಇಡಲು ಮಗಳೇ ಮೊದಲು ಏಳುತ್ತಿದ್ದಳು. ನಿಜ ಮಾತ್ರ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು.

*

"ಚಿಕ್ಕಮ್ಮ, ಅವತ್ತು ನಮ್ಮನೆಗೆ ಬಂದವರು ಯಾರು?"

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ನಾನೇ ಕಣೇ. ಬೀಗ ಅಂತ ಬರೆದೆ. ಸಂಜೆ ಅವಳಿಗೆ ಹೇಳಿದೆ."

"ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು! ತಿದ್ದಿಬಿಡ್ತೀನಿ ಅಂದೆ. ಬೇಡ ಅಂದ್ಲು. ನಮ್ಮ ಕೈಯಾರೆ ಎಷ್ಟು ಜನರ ಮನೆಗೆ ಬೀಗ ಅಂತ ಬರೆದಿದ್ದೀವಿ, ನಂದೊಂದೇ ತಿದ್ದೋದು ಹೇಗೆ ಅಂದ್ಲು. ಆಮೇಲಿನ ಸರ್ವೆಯಿಂದ ಬೀಗದ ಮನೆಗಳಿಗೆಲ್ಲ ನಾಲ್ಕನೇ ಸಲ ಹೋಗೋಳು, ಅದೂ ರಜೆ ದಿನ. ಹುಚ್ಚಾ ನಿಂಗೆ ಅಂತ ಬೈತಿದ್ದೆ. 'ಯಾವುದೋ ಮಗು ಆಟಕ್ಕೆ ಹೋಗಿರುತ್ತೆ, ಬರುತ್ತೆ ಬಿಡು' ಅನ್ನೋಳು."

ಮಗಳು ಕೈಯಲ್ಲಿದ್ದ ಬೀಗ ನೋಡಿದಳು. ಭಾನುವಾರವೂ ಮನೆಯಲ್ಲಿರದ ಅಮ್ಮನ ಮೇಲೆ ಎಷ್ಟು ಸಲ ಮುನಿಸಿಕೊಂಡಿದ್ದಳು!

ಗಾಡಿಯವನು ಹಾರ್ನ್ ಹೊಡೆದ.

"ನೀವು ಹೊರಡಿ," ಎಂದಳು ಇಸ್ತ್ರಿ ಅಂಗಡಿಯಾಕೆ. "ನಾನಿಲ್ಲಿ ಕೂತಿರ್ತೀನಿ. ಯಾರಾದ್ರೂ ಬಂದ್ರೆ?"

ಮಗಳು ಬೀಗವನ್ನು ಕಿಟಕಿಯ ಮೇಲಿಟ್ಟು ಗಾಡಿ ಹತ್ತಿದಳು, ಅಮ್ಮನ ಕಾಲ ಬಳಿ ಕುಳಿತಳು. ಗಾಡಿ ತಿರುವಿಗೆ ಬಂದಾಗ ಹಿಂದಿನ ಗಾಜಿನಲ್ಲಿ ಮನೆ ಕಾಣಿಸಿತು: ಪೂರ್ತಿ ತೆರೆದ ಬಾಗಿಲು, ಹೊಸಿಲ ಮೇಲೆ ಬೀದಿ ನೋಡುತ್ತಾ ಕುಳಿತ ಹೆಂಗಸು.