ಸೋದರತ್ತೆಯ ಬಳುವಳಿ

ದಾರದಕ್ಕನ ಅಂಗಡಿ ಎಂದರೆ ಬೇರೆ ಕಟ್ಟಡವೇನಲ್ಲ, ಅವಳ ಮನೆಯ ಮುಂದಿನ ಕೋಣೆ. ಒಂದು ಎತ್ತರದ ಕುರ್ಚಿ, ಎದುರಿಗೆ ಗೋಡೆಯಗಲದ ಕನ್ನಡಿ, ಪರದೆ ಸರಿಸಿದರೆ ಆಚೆ ಒಂದು ಕಿರುಮಂಚ, ಮಂಚದ ಪಕ್ಕದಲ್ಲಿ ಮೇಣ ಕಾಯಿಸುವ ಪುಟ್ಟ ಪಾತ್ರೆ. ಮೂವತ್ತೈದು ವರ್ಷ ಅವಳು ಅಲ್ಲಿ ನಿಂತು ಊರ ಹೆಂಗಸರ ಹುಬ್ಬು ತಿದ್ದಿದಳು, ಮೇಲ್ದುಟಿ ನುಣುಪು ಮಾಡಿದಳು, ಕೈಕಾಲಿನ ಕೂದಲು ಕಿತ್ತಳು. ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಬೆರಳುಗಳಿಗೆ ಸುತ್ತಿ, ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿದರೆ ಗಿರಾಕಿ ‘ಅಮ್ಮಾ’ ಅನ್ನುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಬಾಯಲ್ಲಿ ದಾರ ಇದ್ದಾಗಲೂ ಮಾತಾಡುವ ವಿದ್ಯೆ ಅವಳಿಗಿತ್ತು. ಕುರ್ಚಿಯಲ್ಲಿ ಕೂತವಳು ಕಣ್ಣುಮುಚ್ಚಿ ನೀರು ಸುರಿಸುತ್ತಾ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು. ಅಂಥ ಕೇಳುಗರು ಯಾವ ಭಾಷಣಕಾರನಿಗೂ ಸಿಗಲಾರರು.

ಇಂಥವಳ ಒಬ್ಬಳೇ ಮಗಳಿಗೆ ಮೈತುಂಬ ಕೂದಲು. ಹತ್ತು ವರ್ಷಕ್ಕೇ ತುಟಿಯ ಮೇಲೆ ನೆರಳು ಬಿತ್ತು, ಮೊಣಕಾಲಿನಿಂದ ಕೆಳಗೆ ಕಪ್ಪಾಯಿತು. ಶಾಲೆಯಲ್ಲಿ ಕರಡಿ ಎಂದು ಕರೆದರು. ಅಂಗಡಿಗೆ ಬಂದವರು ಮಗುವನ್ನು ಕಂಡು ನಕ್ಕು, “ದೀಪದ ಬುಡದಲ್ಲೇ ಕತ್ತಲು ನೋಡಿ” ಅನ್ನುತ್ತಿದ್ದರು.

“ನನ್ನ ಕಡೇದಲ್ಲಮ್ಮ ಇದು,” ಎಂದು ದಾರದಕ್ಕ ಥಟ್ಟನೆ ಹೇಳುತ್ತಿದ್ದಳು. “ನನ್ನ ಮುಖ ನೋಡಿ, ಒಂದು ಎಳೆ ಇದೆಯಾ? ಅವಳ ಸೋದರತ್ತೆಯ ಬಳುವಳಿ.”

ಆ ಸೋದರತ್ತೆ ಎಲ್ಲೋ ದೂರದ ಊರಿನಲ್ಲಿದ್ದವಳು. ಮಗಳಿಗೆ ನಾಲ್ಕು ವರ್ಷವಿದ್ದಾಗ ಅಪ್ಪ ತೀರಿಹೋದ ಮೇಲೆ ಆ ಕಡೆಯ ಬಳಕೆಯೂ ನಿಂತಿತ್ತು. ಹಾಗಾಗಿ ಅವಳ ಗಲ್ಲ ಹೇಗಿತ್ತೋ, ಮೊಣಕೈ ಹೇಗಿತ್ತೋ ನೋಡಿದವರಿಲ್ಲ. ಪಾಪ, ಕಾಣದ ಹೆಂಗಸಿನ ತಲೆಗೆ ಗೂಬೆ ಕೂರಿಸುವುದು ಎಷ್ಟು ಸುಲಭ! ಮಗಳು ಮಾತ್ರ ಆ ಅತ್ತೆಯನ್ನು ಬಾಲ್ಯವಿಡೀ ಶಪಿಸುತ್ತಾ ಬೆಳೆದಳು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ದಾರದಕ್ಕನಿಗೂ ಮಗಳು ಮುದ್ದೇ, ಆದರೆ ಕೂದಲು ತೆಗೆದ ಮೇಲೆ. ಹನ್ನೊಂದನೆಯ ವಯಸ್ಸಿನಲ್ಲಿ, ತರಗತಿಯ ಫೋಟೋ ತೆಗೆಯುವ ಮುನ್ನಾದಿನ, ಮಗಳನ್ನು ಕಿರುಮಂಚದ ಮೇಲೆ ಮಲಗಿಸಿ ಮೊದಲ ಸಲ ಮೇಣ ಹಚ್ಚಿದಳು. ಬೇರೆಯವರಿಗಾದರೆ ತನ್ನ ಮಣಿಕಟ್ಟಿಗೆ ಸೋಕಿಸಿ ಬಿಸಿ ನೋಡಿಯೇ ಹಚ್ಚುವವಳು, ಅಂದು ಅವಸರದಲ್ಲಿ ನೋಡಲಿಲ್ಲ. ಎಡ ಮುಂಗೈಯ ಮೇಲೆ ನಾಣ್ಯದಗಲ ಚರ್ಮ ಮೇಣದ ಜೊತೆಗೇ ಎದ್ದುಬಂತು. ಮಗಳು ಕಿರುಚಿದಳು. ತಾಯಿ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು, ತಾನೂ ಅಳುತ್ತಾ, ಸಂಜೆಯವರೆಗೆ ಉಫ್ ಉಫ್ ಎಂದು ಊದುತ್ತಾ ಕೂತಳು. ಆ ಗುರುತು ಹೋಗಲಿಲ್ಲ. ಮಗಳ ಮೈಯಲ್ಲಿ ಮುಂದೆಂದೂ ಕೂದಲು ಹುಟ್ಟದ ಜಾಗ ಅದೊಂದೇ.

ಆಮೇಲೆ ಇಪ್ಪತ್ತೆರಡು ವರ್ಷ ಹದಿನೈದು ದಿನಕ್ಕೊಮ್ಮೆ ಮಗಳು ಆ ಕುರ್ಚಿಯಲ್ಲಿ ಕೂತಳು. ಕೆಲಸ ಸಿಕ್ಕಿತು, ಈಜುಕೊಳದಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸುವ ಟೀಚರ್ ಆದಳು, ಪಕ್ಕದ ಬೀದಿಯಲ್ಲಿ ಸ್ವಂತ ಮನೆ ಮಾಡಿದಳು. ಆಗಲೂ ಕೂತಳು. ಒಂದು ದಿನ ಹನ್ನೆರಡರ ಹುಡುಗಿಯೊಬ್ಬಳು ಈಜುಡುಪು ಹಾಕಿಕೊಂಡು ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಹಾಕಿ ಕೂತುಬಿಟ್ಟಳು. ಕಾಲಿನಲ್ಲಿ ಕೂದಲಿದೆ, ಎಲ್ಲರೂ ನೋಡುತ್ತಾರೆ, ಬರುವುದಿಲ್ಲ. ಟೀಚರ್ ಬಾಗಿಲಿನಾಚೆ ನಿಂತು ಗಂಟೆಗಟ್ಟಲೆ ಬುದ್ಧಿ ಹೇಳಿದಳು. ಒಳಗಿನಿಂದ ಹುಡುಗಿ, “ನಿಮ್ಮ ಕಾಲು ನುಣ್ಣಗಿದೆಯಲ್ಲ ಟೀಚರ್, ನಿಮಗೇನು,” ಅಂದಳು. ಅಂದಿನಿಂದ ಟೀಚರ್ ತನ್ನ ತಾಯಿಯ ಕುರ್ಚಿಯಲ್ಲಿ ಕೂರಲಿಲ್ಲ. ಎರಡು ತಿಂಗಳಲ್ಲಿ ಅವಳ ಕಾಲಿನ ಕೂದಲು ಬೆಳೆಯಿತು, ಅದನ್ನು ಕಂಡು ಹುಡುಗಿಯೂ ಕೊಳಕ್ಕಿಳಿದಳು. ಈಗಂತೂ ಆ ಕೊಳದಲ್ಲಿ ಕೆಲವರು ತೆಗೆಯುತ್ತಾರೆ, ಕೆಲವರು ಬಿಡುತ್ತಾರೆ, ಯಾರೂ ಯಾರ ಕಾಲನ್ನೂ ನೋಡುವುದಿಲ್ಲ.

ಕಾಲ ಬದಲಾದದ್ದು ಕೊಳಕ್ಕೆ ಗೊತ್ತಾಯಿತು, ದಾರದಕ್ಕನ ಕೋಣೆಗೆ ಗೊತ್ತಾಗಲಿಲ್ಲ. ಮಕ್ಕಳು ಪದಕ ಗೆದ್ದಾಗ ಟೀಚರ ಫೋಟೋ ಪತ್ರಿಕೆಯಲ್ಲಿ ಬಂತು. ಕೊಳದ ಅಂಚಿನಲ್ಲಿ ಕೂತಿದ್ದಾಳೆ, ಕಾಲು ನೀರಿಗಿಳಿಬಿಟ್ಟಿದ್ದಾಳೆ, ಕಾಲಿನ ಕೂದಲು ಅಚ್ಚುಕಟ್ಟಾಗಿ ಅಚ್ಚಾಗಿದೆ. ಗಿರಾಕಿಗಳು ಪತ್ರಿಕೆ ಹಿಡಿದೇ ಬಂದರು. “ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಇದ್ಯಾಕಕ್ಕ ಹೀಗೆ?”

ಅಂದು ದಾರದಕ್ಕ ಮಗಳಿಗೆ ಹೇಳಿದ ಮಾತು ಇಷ್ಟೇ: “ನಿನ್ನಿಷ್ಟದಂತೆ ನೀನಿರು. ಆದ್ರೆ ಗಿರಾಕಿ ಇರೋವಾಗ ಹಿತ್ತಲ ಬಾಗಿಲಿಂದ ಬಾ.”

ಮಗಳು ಆರು ವರ್ಷ ಹಿತ್ತಲ ಬಾಗಿಲಿನಿಂದಲೇ ಬಂದಳು. ಗಿರಾಕಿ ಇಲ್ಲದಿದ್ದಾಗಲೂ ಹಾಗೆಯೇ ಬಂದಳು. ಹಟದಲ್ಲಿ ಮಾತ್ರ ನೂಲಿನಂತೆಯೇ ಸೀರೆ.

ಹೀಗಿರುವಾಗ ಒಂದು ಬೆಳಿಗ್ಗೆ, ಗಿರಾಕಿಯ ಎಡಹುಬ್ಬು ಮುಗಿಸಿ ಬಲಹುಬ್ಬಿಗೆ ಬಗ್ಗಿದ ದಾರದಕ್ಕನ ಬಾಯಿಂದ ದಾರ ಜಾರಿತು. ಗಿರಾಕಿ ಕಣ್ಣು ತೆರೆದಾಗ ಅವಳು ನೆಲದ ಮೇಲಿದ್ದಳು. ಪಾಪದ ಹೆಂಗಸು, ಒಂದೇ ಹುಬ್ಬು ತಿದ್ದಿದ ಮುಖದಲ್ಲೇ ಆಸ್ಪತ್ರೆಗೆ ಕರೆತಂದು, ಮಗಳು ಬರುವವರೆಗೆ ಕಾದಳು. ಪಾರ್ಶ್ವವಾಯು. ಬಲಭಾಗ ಬಿದ್ದುಹೋಗಿತ್ತು, ಬಾಯಿ ಸೊಟ್ಟಗಾಗಿತ್ತು, ಮಾತು ಪೂರ್ತಿ ನಿಂತಿತ್ತು.

ಎಚ್ಚರವಾದ ಮೂರನೆಯ ದಿನದಿಂದ ದಾರದಕ್ಕ ಒಂದು ಹೊಸ ವರಸೆ ಶುರುಮಾಡಿದಳು. ನೋಡಲು ಯಾರು ಬಂದರೂ ಹೊದಿಕೆಯನ್ನು ಎಡಗೈಯಲ್ಲಿ ತುಟಿಯವರೆಗೆ ಎಳೆದುಕೊಂಡು ಗೋಡೆಯ ಕಡೆ ಮುಖ ತಿರುಗಿಸುವಳು. ಚಳಿ ಇರಬೇಕೆಂದು ನರ್ಸ್ ಇನ್ನೊಂದು ಹೊದಿಕೆ ತಂದಳು. ಹಲ್ಲು ನೋವಿರಬೇಕೆಂದು ಡಾಕ್ಟರು ಬಾಯಿ ಬಿಡಿಸಿ ತಟ್ಟಿ ನೋಡಿದರು. ಆಮೇಲೆ ಅವಳು ಎಡಗೈಯ ಹೆಬ್ಬೆರಳು ತೋರುಬೆರಳನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡತೊಡಗಿದಳು. ನೀರು ಬೇಕೇನೋ ಎಂದರು, ಕತ್ತರಿ ಬೇಕೇನೋ ಎಂದರು. ಆ ಸನ್ನೆ ಯಾವುದೆಂದು ಗೊತ್ತಾದದ್ದು ಮಗಳೊಬ್ಬಳಿಗೇ. ಇಪ್ಪತ್ತೆರಡು ವರ್ಷ ಕಣ್ಣೆದುರಿಗೇ ಆಡಿದ ಬೆರಳುಗಳು, ಗೊತ್ತಾಗದೆ ಇರುತ್ತದೆಯೇ? ದಾರ ಹಿಡಿ ಅನ್ನುತ್ತಿದ್ದಾಳೆ. ಬೆರಳನ್ನು ಗಲ್ಲದ ಬಳಿ ಒಯ್ದು, ಮಗಳನ್ನೇ ದಿಟ್ಟಿಸುತ್ತಿದ್ದಾಳೆ.

ಮಗಳ ಕೈ ತನ್ನ ಗಲ್ಲಕ್ಕೆ ಹೋಯಿತು. ಅಲ್ಲಿ ಏಳೆಂಟು ಕಪ್ಪು ಕೂದಲು, ತಾನೇ ಬೇಕೆಂದು ತೆಗೆಯದೆ ಬಿಟ್ಟವು.

“ಇಂಥಾ ಸ್ಥಿತೀಲೂ ನಿಂಗೆ ನನ್ನ ಗಡ್ಡದ್ದೇ ಚಿಂತೇನಮ್ಮಾ?” ಅಂದಳು. “ಸಾಯೋವಾಗ್ಲಾದ್ರೂ ನನ್ನ ಹೀಗೇ ನೋಡೋಕಾಗಲ್ವಾ?”

ದಾರದಕ್ಕ ತಲೆಯಾಡಿಸಿದಳು. ಸೊಟ್ಟಗಾದ ಕುತ್ತಿಗೆಯಲ್ಲಿ ಅದು ಹೌದೋ ಅಲ್ಲವೋ ತಿಳಿಯುವಂತಿರಲಿಲ್ಲ. ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಮಗಳು ಎದ್ದು ಹೊರಗೆ ಹೋದಳು.

ಆಮೇಲಿನ ಎಂಟು ದಿನ ಅವಳು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗಿನ ಆರೈಕೆಗೆ ಒಬ್ಬ ಆಯಾಳನ್ನು ಗೊತ್ತುಮಾಡಿದಳು. ಬೆಳಗಿನ ತರಗತಿ ಮುಗಿಸಿ ಕೊಳದ ನೀರಿಗೆ ಹಾಕುವ ಔಷಧಿಯ ವಾಸನೆಯೊಂದಿಗೇ ಬರುವಳು, ಮಾತ್ರೆ ತರುವಳು, ತಾಯಿ ನಿದ್ದೆಹೋದಾಗ ಮಾತ್ರ ಬಾಗಿಲ ಗಾಜಿನಿಂದ ನೋಡುವಳು. ಮೂವತ್ತೊಂಬತ್ತರ ಹೆಂಗಸಿಗೆ ಇಷ್ಟು ಹಟ ಬೇಕಿತ್ತೇ ಎಂದು ಕೇಳಿದರೆ, ಬೇಕಿರಲಿಲ್ಲ. ಆದರೆ ಹಟದ ಒಳಗೆ ಕೂತಿದ್ದದ್ದು ಹನ್ನೊಂದರ ಹುಡುಗಿ. ಅಮ್ಮ ಒಂದೇ ಒಂದು ಸಲ ತನ್ನನ್ನು ಇದ್ದ ಹಾಗೇ ನೋಡಲಿ ಎಂದು ಕಾಯುವುದನ್ನು ಅವಳು ಬಿಟ್ಟಿರಲಿಲ್ಲ.

ಹನ್ನೊಂದನೆಯ ದಿನ ಆಯಾ ಹೊರಗೆ ಬಂದು, “ಮೇಡಂ, ನಾಳೆ ಬರೋವಾಗ ಒಂದು ರೇಜರ್ ತನ್ನಿ. ಗಡ್ಡ ತೆಗೆದುಬಿಡ್ತೀನಿ,” ಅಂದಳು.

“ಯಾರ ಗಡ್ಡ?”

“ಅಮ್ಮಂದೇ. ಬಿಳೀದು, ಒತ್ತಾಗಿ ಬಂದಿದೆ. ಮುಖ ಒರೆಸೋಕೆ ಹೋದ್ರೆ ಕೈ ಅಡ್ಡ ಇಡ್ತಾರೆ. ವಯಸ್ಸಾದ್ಮೇಲೆ ಇದೆಲ್ಲಾ ಇದ್ದದ್ದೇ, ನಾಚ್ಕೋಬೇಡಿ ಅಂದ್ರೂ ಕೇಳಲ್ಲ.”

ಟೀಚರ್ ಬೆಂಚಿನಿಂದ ಎದ್ದು ನೇರ ತಾಯಿಯ ಮನೆಗೆ ಹೋದಳು.

ಅಭ್ಯಾಸಬಲದಿಂದ ಹಿತ್ತಲ ಬಾಗಿಲಿನಿಂದಲೇ ಒಳಗೆ ಹೋದಳು. ಬಚ್ಚಲಮನೆಯ ಕಿಟಕಿಯ ಕಟ್ಟೆಯಲ್ಲಿ, ಸೋಪಿನ ಡಬ್ಬಗಳ ಹಿಂದೆ, ಕೈಗೆ ಸಿಕ್ಕಿತು: ಮುಖವನ್ನು ದೊಡ್ಡದು ಮಾಡಿ ತೋರಿಸುವ ದುಂಡು ಕನ್ನಡಿ, ತುದಿ ಸವೆದ ಚಿಮಟ, ಅರ್ಧ ಮುಗಿದ ದಾರದ ಉಂಡೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಅಮ್ಮ ಅರ್ಧ ಗಂಟೆ ಬಚ್ಚಲಮನೆಯ ಚಿಲಕ ಹಾಕಿಕೊಳ್ಳುತ್ತಿದ್ದಳು. ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದಳು. ಮೂವತ್ತೈದು ವರ್ಷ ಸರಿಯಿಲ್ಲದ ಹೊಟ್ಟೆ ಲೋಕದಲ್ಲಿ ಇನ್ನೊಂದಿರಲಾರದು, ಆದರೂ ಮಗಳು ನಂಬಿದ್ದಳು.

ಅವಳು ಬಚ್ಚಲ ಮಣೆಯ ಮೇಲೆ ಕೂತಳು. ಹಾಗಾದರೆ ಸೋದರತ್ತೆಯ ಬಳುವಳಿ ಎಂಬುದೇ ಇರಲಿಲ್ಲ. ಈ ತುಟಿ, ಈ ಗಲ್ಲ, ಈ ಕಾಲು, ಎಲ್ಲ ಅಮ್ಮನದೇ. ಅಮ್ಮ ತನ್ನನ್ನು ನೋಡಿ ಅಸಹ್ಯಪಟ್ಟದ್ದಲ್ಲ, ಹೆದರಿದ್ದು. ಹನ್ನೊಂದು ದಿನದಿಂದ ಮಾತಿಲ್ಲದ ಬಾಯಿ, ಒಂದೇ ಕೈ ಇಟ್ಟುಕೊಂಡು, ಲೋಕದಲ್ಲಿ ಸನ್ನೆ ತಿಳಿಯುವ ಒಬ್ಬಳೇ ಒಬ್ಬಳ ಹತ್ತಿರ, ನನ್ನ ಮಾನ ಉಳಿಸು ಎಂದು ಬೇಡಿದಳು. ಸನ್ನೆ ತಿಳಿಯಿತು, ಯಾರ ಗಲ್ಲ ಎಂಬುದು ತಿಳಿಯಲಿಲ್ಲ. ಟೀಚರ್ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಬಾಯಿಬಿಟ್ಟು ಅತ್ತಳು.

ಮಧ್ಯಾಹ್ನ ಆಯಾಳನ್ನು ಊಟಕ್ಕೆ ಕಳಿಸಿ, ಹಾಸಿಗೆಯ ಸುತ್ತಲ ಪರದೆ ಎಳೆದಳು. ದಾರದಕ್ಕ ಎಂದಿನಂತೆ ಗೋಡೆಗೆ ಮುಖಮಾಡಿದಳು. ಮಗಳು ದಾರದ ಉಂಡೆಯನ್ನು ಅವಳ ಎಡ ಅಂಗೈಯಲ್ಲಿಟ್ಟಳು. ಬೆರಳುಗಳು ಅದನ್ನು ಮುಟ್ಟಿ ನೋಡಿದವು. ಮುಖ ಮೆಲ್ಲಗೆ ಈ ಕಡೆ ತಿರುಗಿತು, ಹೊದಿಕೆ ಜಾರಿತು. ಗಲ್ಲದ ತುಂಬ ಬಿಳಿ ಕೂದಲು.

“ತಪ್ಪಾಯ್ತಮ್ಮ,” ಅಂದಳು ಮಗಳು. “ನನಗೆ ಗೊತ್ತಾಗ್ಲಿಲ್ಲ. ನೀನು ಹೇಳ್ಲೇ ಇಲ್ವಲ್ಲ.”

ದಾರ ಹಿಡಿಯುವುದು ಅವಳಿಗೆ ಬರುತ್ತಿರಲಿಲ್ಲ. ಎಂದೂ ಕಲಿಯುವುದಿಲ್ಲ ಎಂದು ಶಪಥ ಮಾಡಿದ್ದವಳು. ಮೊದಲ ಸಲ ದಾರ ಸಿಕ್ಕುಹಾಕಿಕೊಂಡಿತು, ಎರಡನೆಯ ಸಲ ಚರ್ಮ ಹಿಡಿದು ತಾಯಿ ನರಳಿದಳು. ಆಮೇಲೆ ದಾರದಕ್ಕನೇ ಎಡಗೈ ಚಾಚಿ ದಾರದ ಒಂದು ಕೊನೆಯನ್ನು ಬೆರಳಿಗೆ ಸಿಕ್ಕಿಸಿಕೊಂಡಳು. ತಾಯಿ ತೆರೆದಾಗ ಮಗಳು ಮುಚ್ಚಬೇಕು, ಮಗಳು ತೆರೆದಾಗ ತಾಯಿ. ನಾಲ್ಕೈದು ಸಲ ತಪ್ಪಿದ ಮೇಲೆ ಕೈ ಕೂಡಿತು. ಇಬ್ಬರೂ ಸೇರಿ ಒಂದು ಗಂಟೆ ಆ ಗಲ್ಲದ ಕೂದಲು ತೆಗೆದರು. ದಾರದಕ್ಕನ ಅಂಗಡಿಯಲ್ಲಾಗಿದ್ದರೆ ಎರಡು ನಿಮಿಷದ ಕೆಲಸ.

ಮುಗಿದ ಮೇಲೆ ದುಂಡು ಕನ್ನಡಿ ಹಿಡಿದಳು. ದಾರದಕ್ಕ ಅದರ ಕಡೆ ನೋಡಲಿಲ್ಲ. ಮಗಳನ್ನೇ ನೋಡಿದಳು. ಮೇಲ್ದುಟಿ, ಗಲ್ಲ, ಕುತ್ತಿಗೆ, ಒಂದೊಂದನ್ನೂ ನಿಧಾನವಾಗಿ ನೋಡಿದಳು. ಆಮೇಲೆ ಮಗಳ ಎಡಗೈಯನ್ನು ಎಳೆದುಕೊಂಡು, ಮುಂಗೈಯ ಕೂದಲಿನ ಮೇಲೆ ಬೆರಳಾಡಿಸುತ್ತಾ ಹೋಗಿ, ಕೂದಲಿಲ್ಲದ ಆ ನಾಣ್ಯದಗಲ ಜಾಗಕ್ಕೆ ಬಂದು ನಿಂತಳು. ಕೈಯನ್ನು ಬಾಯಿಯ ಹತ್ತಿರ ತಂದಳು. ಏನೋ ಹೇಳಲು ಹೊರಟಿದ್ದಾಳೆ ಎಂದು ಮಗಳು ಬಗ್ಗಿದಳು. ಸೊಟ್ಟ ತುಟಿಯ ಒಂದು ಬದಿಯಿಂದ ಗಾಳಿ ಸೋರಿತು, ಮತ್ತೆ ಸೋರಿತು. ಇಪ್ಪತ್ತೆಂಟು ವರ್ಷದ ಹಳೆಯ ಸುಟ್ಟಗಾಯಕ್ಕೆ ಅಮ್ಮ ಊದುತ್ತಿದ್ದಳು.

ಹನ್ನೊಂದು ದಿನದಲ್ಲಿ ಅವರಿಗೆ ಸಿಕ್ಕಿದ್ದು ಆ ಒಂದು ಮಧ್ಯಾಹ್ನ. ಮರುದಿನ ಬೆಳಿಗ್ಗೆ ಆಯಾ ತಲೆ ಬಾಚುತ್ತಿದ್ದಾಗ ಎರಡನೆಯ ಸಲ ಪಾರ್ಶ್ವವಾಯು ಹೊಡೆಯಿತು. ಕೊಳದಿಂದ ಓಡಿಬಂದ ಟೀಚರ್‌ಗೆ ಕೈಯಷ್ಟೇ ಬೆಚ್ಚಗೆ ಸಿಕ್ಕಿತು. ಎಂಟು ದಿನ ಬೆಂಚಿನ ಮೇಲೆ ಕೂತಿದ್ದೆನಲ್ಲ, ಎಂಟು ದಿನ, ಎಂದು ಅವಳು ಆ ಕೈಗೆ ಹಣೆ ಒತ್ತಿಕೊಂಡು ಹೇಳುತ್ತಲೇ ಇದ್ದಳು.

ಅಮ್ಮನನ್ನು ಮನೆಗೆ ತಂದು ಮುಂದಿನ ಕೋಣೆಯಲ್ಲಿ, ಕನ್ನಡಿಯ ಕೆಳಗೆ ಮಲಗಿಸಿದರು. ಜನ ಸೇರತೊಡಗಿದರು. ಟೀಚರ್ ಎಲ್ಲರನ್ನೂ ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ, ನಿನ್ನೆ ಉಳಿದುಹೋಗಿದ್ದ ನಾಲ್ಕು ಎಳೆಗಳನ್ನು ಒಬ್ಬಳೇ ತೆಗೆದಳು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು, ಅಮ್ಮನ ಹಾಗೆ. ಈ ಸಲ ದಾರ ಸಿಕ್ಕಾಗಲಿಲ್ಲ. ಗಲ್ಲವನ್ನು ಬೆರಳಿನಿಂದ ಸವರಿ ನೋಡಿ, ಕನ್ನಡಿ, ಚಿಮಟ, ದಾರ ಮೂರನ್ನೂ ತನ್ನ ಚೀಲದ ತಳಕ್ಕೆ ತುರುಕಿ, ಮುಂಬಾಗಿಲನ್ನು ತಾನೇ ತೆರೆದು ಹೊಸ್ತಿಲಲ್ಲಿ ನಿಂತಳು. ಗಿಡ್ಡ ತೋಳಿನ ಅಂಗಿ, ಮುಂಗೈ ತುಂಬ ಕೂದಲು, ಗಲ್ಲದಲ್ಲಿ ಏಳೆಂಟು.

ಮೂವತ್ತೈದು ವರ್ಷದ ಗಿರಾಕಿಗಳು ಒಬ್ಬೊಬ್ಬರಾಗಿ ಒಳಗೆ ಬಂದರು. ಆ ಒಂಟಿ ಹುಬ್ಬಿನವಳೂ ಬಂದಳು. ಬಲಹುಬ್ಬನ್ನು ಇನ್ನೂ ಯಾರ ಕೈಗೂ ಕೊಟ್ಟಿರಲಿಲ್ಲ. ಎಲ್ಲರಿಗಿಂತ ಹಳೆಯ ಗಿರಾಕಿಯೊಬ್ಬಳು ಬಗ್ಗಿ ಮುಖ ನೋಡಿ ಕಣ್ಣೊರೆಸಿಕೊಂಡಳು.

“ನೋಡಿ, ಹನ್ನೆರಡು ದಿನ ಮಲಗಿದ್ರೂ ಮುಖ ಹೇಗಿದೆ. ಹೂವಿನ ಎಸಳು. ಒಂದು ಎಳೆ ಇಲ್ಲ.” ಆಮೇಲೆ ತಲೆಯೆತ್ತಿ ಮಗಳ ಗಲ್ಲ ನೋಡಿ, ಬೈಗುಳವಲ್ಲದ, ನಿಜವಾದ ದುಃಖದ ದನಿಯಲ್ಲಿ ಕೇಳಿದಳು: “ನೀನ್ಯಾಕಮ್ಮ ಹೀಗಾದೆ? ಯಾರನ್ನ ಹೋಲ್ತೀಯ ನೀನು?”

ಟೀಚರ್ ಅಮ್ಮನ ಮುಖ ನೋಡಿದಳು. ನನ್ನಮ್ಮನನ್ನು ಎಂದು ಕೂಗಿ ಹೇಳಬೇಕೆನಿಸಿತು. ಜೀವಮಾನದಲ್ಲಿ ಅವಳಿಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

“ನಮ್ಮ ಸೋದರತ್ತೇನ,” ಅಂದಳು. “ಅಮ್ಮ ಹೇಳ್ತಿದ್ಲಲ್ಲ.”