ಸುಣ್ಣದ ಗೆರೆ

'ಕುಡಿಯುವ ನೀರಿನ ನಲ್ಲಿ' ಎಂಬ ಮಾತನ್ನು ಟಿಪ್ಪಣಿಯಲ್ಲಿ ಉಳಿಸುವುದೋ, ಹೊಡೆದುಹಾಕುವುದೋ? ಉಳಿಸಿದರೆ ಫೈಲು ಮೂರನೇ ಸಲ ವಾಪಸು ಬರುತ್ತದೆ. ಹೊಡೆದರೆ ಗದಿಗೆಮ್ಮನಿಗೆ ಏನು ಹೇಳುವುದು? ಏನೂ ಹೇಳದೆ ಇದ್ದರೆ ನಡೆಯುತ್ತದೆಯೇ?

ಬಸವಕಿರಣ ಪೆನ್ನು ಹಿಡಿದು ಕೂತೇ ಇದ್ದ. ಹೈದರಾಬಾದಿನ ಅಂಚಿನ ಆ ಪುರಸಭೆಗೆ, ಐಟಿ ಕಂಪನಿಗಳ ಬೆನ್ನಿಗೇ ಎದ್ದ ದೊಡ್ಡ ಹೋಟೆಲುಗಳ ಕೋಣೆ ತೆರಿಗೆ ಬರತೊಡಗಿ ಎರಡು ವರ್ಷವಾಗಿತ್ತು. ಆ ಹಣವನ್ನು ಹೊರಗಿನಿಂದ ಬರುವ ಅತಿಥಿಗಳಿಗೆ ಅನುಕೂಲವಾಗುವ ಕೆಲಸಕ್ಕೆ ಮಾತ್ರ ಬಳಸಬೇಕೆಂದು ನಿಯಮ. ಯಾವ ಕೆಲಸ ಹಾಗನ್ನಿಸಿಕೊಳ್ಳುತ್ತದೆ ಎಂದು ಮೊದಲು ಬರೆಯುವವನು ಕೆಳಗಿನ ಗುಮಾಸ್ತ. ಮೇಲಿನವರು ಸಹಿ ಹಾಕುತ್ತ ಹೋಗುತ್ತಾರೆ. ಆ ಗುಮಾಸ್ತ ಅವನೇ.

ಅಂಥ ಒಂದು ಹೋಟೆಲಿನ ಎದುರಿಗೆ ಯಾದಗಿರಿ ಕಡೆಯ ಗೌಂಡಿ ಕೆಲಸದವರ ಗುಡಿಸಲುಗಳಿದ್ದವು. ಹೋಟೆಲು ಕಟ್ಟಿದವರೂ ಅವರೇ. ನೀರಿಗೆ ದೊಡ್ಡ ರಸ್ತೆ ದಾಟಬೇಕು. ಆ ಗುಡಿಸಲುಗಳಲ್ಲೊಂದು ಗದಿಗೆಮ್ಮನದು; ಅವಳ ಸೊಸೆ ಶಿವಗಂಗಾ ತುಂಬು ಬಸುರಿ. ಕೊಡ ಹೊತ್ತು ದಾಟುವಾಗ ಎರಡು ಸಲ ಬಿದ್ದಿದ್ದಳು. ರಸ್ತೆಬದಿಗೆ ನಲ್ಲಿ ಹಾಕಿದರೆ ಅತಿಥಿಗಳಿಗೂ ಅನುಕೂಲ ಎಂದು ಬಸವಕಿರಣ ಬರೆದಿದ್ದ. ಬರೆದೆನೆಂದು ಗದಿಗೆಮ್ಮನಿಗೂ ಹೇಳಿಬಿಟ್ಟಿದ್ದ.

ಸೂಪರಿಂಟೆಂಡೆಂಟ್ ನರಹರಿ ಕಲಬುರಗಿಯವನು. ಟಿಪ್ಪಣಿ ಇನ್ನೂ ಹಾಗೇ ಇರುವುದನ್ನು ನೋಡಿ ನಕ್ಕ.

"ಅರೇ ಕಿರಣ್, ಫೈವ್ ಸ್ಟಾರ್‌ದಾಗ ಇಳದಾಂವ ನಿನ್ನ ನಳಕ್ಕ ಬಾಯಿ ಹಚ್ಚಿ ನೀರು ಕುಡೀತಾನೇನೋ? ಮುಂದಿನ ತಿಂಗಳು ಫಾರಿನ್ ಮಂದಿ ಬರಾಕತ್ತಾರ. ಕಿಡಕಿ ತೆಗದ್ರ ಆ ಗುಡಸಲಾ ಕಾಣಬಾರ್ದು. ಗೋಡೆ ಅಂತ ಬರಿ, ಮ್ಯಾಲ ಚಿತ್ರಾ ಬರಸೋಣು. ನಿನ್ನ ಪರ್ಮನೆಂಟ್ ಕಾಗದಾನೂ ನನ್ನ ಟೇಬಲ್ ಮ್ಯಾಲೇ ಐತಿ, ನೆಪ್ಪಿರಲಿ."

ಬಸವಕಿರಣ ಗೋಡೆ ಎಂದು ಬರೆದ. ಅಕ್ಷರ ಎಂದಿನಂತೆ ದುಂಡಗೇ ಬಂತು.

ಬುನಾದಿ ಅಗೆಯುವ ಕಡೆ ಸುಣ್ಣದ ಗೆರೆ ಹಾಕಿಸಲು ಅವನೇ ಹೋಗಬೇಕಾಯಿತು. ಗದಿಗೆಮ್ಮ ಸೆರಗಿಗೆ ಕೈ ಒರೆಸುತ್ತ ಓಡಿಬಂದಳು.

"ಬಂತೇನ್ರಿ ಸಾಹೇಬ್ರ, ನಮ್ಮ ನಳಾ?"

ಅವನು ಗೆರೆಯನ್ನೇ ನೋಡಿದ. "ತಗ್ಗು ತೆಗ್ಯಾಕ ಮಂದಿ ಬೇಕು. ಕೂಲಿ ಕೊಡ್ತಾರ."

"ಕೂಲಿ? ನಮ್ಮ ನೀರಿಗೆ ನಾವು ತಗ್ಗು ತೆಗದು ಕೂಲಿ ಇಸ್ಕೊಂತೀವೇನ್ರಿ? ಯಾರರ ಕೇಳಿದ್ರ ನಗ್ತಾರ!"

ಭಾನುವಾರ ಇಡೀ ಗುಡಿಸಲು ಸಾಲು ಅಗೆಯಲು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಮುದಿ ಗೌಂಡಿ ಮಾಣಿಕಪ್ಪ ತಗ್ಗಿನೊಳಗೆ ನಿಂತು ಮೊಳ ಹಾಕಿ ಅಳೆದ.

"ಪೈಪಿಗೆ ಇಷ್ಟು ಅಗಲ ಯಾಕ್ರಿ? ಇದು ಗೋಡೆ ಬುನಾದಿ ಇದ್ದಂಗ ಐತಲ್ರಿ."

ಗುದ್ದಲಿಗಳು ನಿಂತವು. ಬಸವಕಿರಣ ಬಾಯಿ ತೆರೆದ.

"ಸುಮ್ನಿರೋ ಯಪ್ಪಾ," ಎಂದಳು ಗದಿಗೆಮ್ಮ. ಎಷ್ಟೋ ಬುನಾದಿಗಳಿಗೆ ಕಲ್ಲು ಹೊತ್ತವಳು ಅವಳು. "ನಿನಗ ಎಲ್ಲಾ ಗೋಡೀನ ಕಾಣ್ತಾವ. ಸಾಹೇಬ್ರು ನಮ್ಮ ಕಡಿಯವ್ರು. ಹಂಗಿದ್ರ ಹೇಳ್ತಿರಲಿಲ್ಲೇನು?"

ಎಲ್ಲರೂ ನಕ್ಕರು. ಅವನೂ ನಕ್ಕ. ಶಿವಗಂಗಾ ಅವನಿಗೆ ಸ್ಟೀಲಿನ ಲೋಟದಲ್ಲಿ ನೀರು ತಂದುಕೊಟ್ಟಳು, ರಸ್ತೆಯಾಚೆಯಿಂದ ಹೊತ್ತು ತಂದ ನೀರು. ಪೂರ್ತಿ ಕುಡಿದ.

ಮರುವಾರ ಬೇರೆ ಗೌಂಡಿಗಳು ಲಾರಿಯಲ್ಲಿ ಬಂದರು. ಒಂದೂವರೆ ಆಳೆತ್ತರದ ಗೋಡೆ ಎದ್ದಿತು. ಮಾಣಿಕಪ್ಪ ಬಸವಕಿರಣನನ್ನು ಮಾತಾಡಿಸುವುದು ಬಿಟ್ಟ. ನೀರಿಗೆ ಹೋಗುವ ಹೆಂಗಸರು ಈಗ ಗೋಡೆಯ ಕೊನೆಯವರೆಗೆ ನಡೆದು, ಕಾರುಗಳು ರಭಸದಿಂದ ತಿರುಗುವ ಕಡೆ ದಾಟಬೇಕಾಯಿತು. ಅಲ್ಲಿ ಶಿವಗಂಗಾ ಮೂರನೇ ಸಲ ಬಿದ್ದಳು. ಮಗು ಉಳಿಯಲಿಲ್ಲ.

ಗೋಡೆಯ ರಸ್ತೆ ಕಡೆಗೆ ಚಿತ್ರಗಾರ ತಲೆಯ ಮೇಲೆ ಕೊಡ ಹೊತ್ತ ಹೆಂಗಸರ ಸಾಲನ್ನು ಬರೆದಿದ್ದ. ಅತಿಥಿಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಬಸವಕಿರಣನಿಗೆ ಪರ್ಮನೆಂಟ್ ಆಯಿತು.

ಒಂದು ಸಂಜೆ ಅವನು ಗೋಡೆಯ ಹಿಂದೆ ಹೋದ. ಗದಿಗೆಮ್ಮ ಬೈಯುತ್ತಾಳೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದ. ಅವಳು ಎದ್ದು ನಿಂತು ಕೂರಲು ಗೋಣಿಚೀಲ ಕೊಡವಿ ಹಾಸಿದಳು.

"ಪೈಪು ಗೋಡೆ ಬುಡಕ ಐತಲ್ರಿ ಸಾಹೇಬ್ರ? ನೀರು ಯಾವಾಗ ಬಿಡ್ತಾರ? ಸೊಸಿಗೆ ಇನ್ನಾ ಎದ್ದು ಓಡಾಡಾಕ ಆಗವಲ್ದು."

"ಬಿಡ್ತಾರ," ಎಂದ.

ಗೋಡೆಯ ಬುಡದಲ್ಲಿ ಪೈಪಿಲ್ಲವೆಂದೂ, ನಲ್ಲಿಯನ್ನು ಹೊಡೆದು ಗೋಡೆ ಎಂದು ಬರೆದವನು ತಾನೇ ಎಂದೂ ಬಸವಕಿರಣ ಅವಳಿಗೆ ಎಂದಿಗೂ ಹೇಳಲಿಲ್ಲ.